ಸಂಜೆ ಆರೂವರೆಯ ದಾನ

ನಮ್ಮ ಕರಾವಳಿಯ ಯಾವುದಾದರೂ ಹಳೆಯ ಶಾಲೆಗೆ ಹೋಗಿ ನೋಡಿ, ಒಂದಲ್ಲ ಒಂದು ಗೋಡೆಯಲ್ಲಿ ಅಮೃತಶಿಲೆಯ ಹಲಗೆ ಇರುತ್ತದೆ. ಕೊಠಡಿ ಕಟ್ಟಿಸಿಕೊಟ್ಟವರ ಹೆಸರು, ಅದರ ಕೆಳಗೆ ತಂದೆತಾಯಿಯ ಸ್ಮರಣಾರ್ಥ ಎಂಬ ಸಾಲು, ಕೊನೆಗೆ 'ಹೋಟೆಲ್ ಉದ್ಯಮಿ, ಮುಂಬಯಿ'. ದೈವಸ್ಥಾನದ ಗೋಪುರ, ಬಸ್ಸಿನ ತಂಗುದಾಣ, ಊರಿನ ಸಭಾಭವನ ಎಲ್ಲದಕ್ಕೂ ಇದೇ ಮುದ್ರೆ. ರಜೆಗೆ ಬಂದಾಗ ಊರಿನವರು ನನ್ನನ್ನು ಕೇಳುವುದುಂಟು: "ಇಡ್ಲಿ ಮಾರಿ ಇಷ್ಟೆಲ್ಲ ದುಡ್ಡು ಹುಟ್ಟುತ್ತದಾ ಮಾರಾಯ್ರೆ?"

ಹುಟ್ಟುತ್ತದೆ, ಕೆಲವರಿಗೆ. ನಾನು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಮೊದಲು ಕಪ್ಪುಬಸಿ ತೊಳೆದು, ಆಮೇಲೆ ಮೂವತ್ತೈದು ವರ್ಷ ಲೆಕ್ಕ ಬರೆದವನು. ಯಾರು, ಯಾವಾಗ, ಯಾವ ಸಂಘಕ್ಕೆ ಎಷ್ಟು ಕೊಟ್ಟರು ಅನ್ನುವುದನ್ನು ನನ್ನ ಕೈಯಾರೆ ದಾಖಲು ಮಾಡಿದ್ದೇನೆ. ಆದರೆ ಬರೆಯಲು ನನ್ನ ಪುಸ್ತಕಗಳಲ್ಲಿ ಕಾಲಮ್ಮೇ ಇಲ್ಲದ ಒಂದು ದಾನ ಇತ್ತು. ಮುಂಬಯಿ ಹೋಟೆಲುಗಳ ದಾನಧರ್ಮದ ಚರಿತ್ರೆ ಬರೆಯುವುದಾದರೆ ಅದನ್ನು ಬಿಟ್ಟು ಬರೆಯಬಾರದು.

ನಾನು ಮುಂಬಯಿಗೆ ಬಂದದ್ದು 1969ರ ಜೂನ್ ತಿಂಗಳಲ್ಲಿ. ಐದನೇ ಕ್ಲಾಸು ಮುಗಿದಿತ್ತು, ವಯಸ್ಸು ಹನ್ನೆರಡು. ಆ ವರ್ಷ ಫೆಬ್ರವರಿಯಲ್ಲಷ್ಟೇ ಗಡಿ ವಿವಾದದ ಗಲಭೆಯಾಗಿ ಎಷ್ಟೋ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು. ನಾನು ಸೇರಿದ ಹೋಟೆಲಿನಲ್ಲಿ ಒಡೆದ ಶೋಕೇಸಿಗೆ ಇನ್ನೂ ರಟ್ಟು ಹೊಡೆದೇ ಇತ್ತು. ಅಷ್ಟಾದರೂ ಊರಿಂದ ಹುಡುಗರು ಬರುವುದು ನಿಂತಿರಲಿಲ್ಲ. ಮನೆಯಲ್ಲಿ ಬಾಯಿ ಜಾಸ್ತಿ, ಗದ್ದೆ ಕಮ್ಮಿ. ಮುಂದೆ 1974ರ ಭೂಸುಧಾರಣೆ ಬಂದಮೇಲೆ, ಗೇಣಿಗೆ ಕೊಟ್ಟ ಗದ್ದೆ ಕಳೆದುಕೊಂಡ ಮನೆಗಳ ಹುಡುಗರೂ ಇದೇ ಬಸ್ಸು ಹತ್ತಿದರು.

ಹೀಗೆ ಬಂದವರಿಗೆ ಹೋಟೆಲು ಅಂದರೆ ಕೆಲಸ ಮಾತ್ರ ಅಲ್ಲ. ಊಟ ಅಲ್ಲೇ, ಗಿರಾಕಿಗಳು ಹೋದಮೇಲೆ ಮೇಜು ಜೋಡಿಸಿಕೊಂಡು ನಿದ್ದೆಯೂ ಅಲ್ಲೇ. ಮೋರಿಯಲ್ಲಿ ಪಾತ್ರೆ ತೊಳೆಯುವವನು ಕ್ಲೀನರ್ ಆಗಬೇಕು, ಕ್ಲೀನರ್ ವೇಟರ್ ಆಗಬೇಕು, ವೇಟರ್ ಗಲ್ಲೆಯ ಮೇಲೆ ಕೂರಬೇಕು. ಅದೇ ನಮ್ಮ ಏಣಿ. ಅದನ್ನು ಹತ್ತಿದವರು ನಿಜಕ್ಕೂ ಇದ್ದರು. ಮಾಟುಂಗಾ ರೈಲ್ವೆ ಸ್ಟೇಷನ್ನಿನ ಎದುರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಅಡುಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಬಾಳೆ ಎಲೆಯ ಊಟಕ್ಕೆ ಇವತ್ತೂ ಅಲ್ಲಿ ಜನ ಸಾಲು ನಿಲ್ಲುತ್ತಾರೆ. ಆದರೆ ಏಣಿಯ ಒಂದು ಮೆಟ್ಟಿಲು ಅಕ್ಷರದ್ದು. ಬಿಲ್ಲು ಬರೆಯಲು ಬಾರದವನು ಗಲ್ಲೆಗೆ ಬರುವಂತಿಲ್ಲ. ಆ ಮೆಟ್ಟಿಲು ಕಟ್ಟಿದ್ದು ರಾತ್ರಿಶಾಲೆಗಳು.

ಊರಿನ ಓದುಗರಿಗೆ ಈ ರಾತ್ರಿಶಾಲೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಮೊದಲಾದವು ಸಾಹಿತ್ಯ, ನಾಟಕ ನೋಡಿಕೊಂಡರೆ, ಜಾತಿಯ ಹೆಸರಿನ ಈ ಸಂಘಗಳು ಮೊದಲು ಕೈಹಾಕಿದ್ದು ದುಡಿಯುವ ಹುಡುಗರ ವಿದ್ಯೆಗೆ. ಹಗಲು ಗೋದಿಯಲ್ಲಿ, ಹೋಟೆಲಿನಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ಶಾಲೆ. ಸಂಘದ ಹೆಸರಿನಲ್ಲಿ ಜಾತಿ ಇದ್ದರೂ ನಾನು ಕೂತ ಬೆಂಚಿನಲ್ಲಿ ಎಲ್ಲ ಜಾತಿಯವರೂ ಇದ್ದರು. ಎಲ್ಲರ ಕೈಯಲ್ಲೂ ಸೋಪಿನ ನೀರಿನ ಬಿರುಕು.

ದುಡ್ಡು ಬರುತ್ತಿದ್ದುದು ಹೆಚ್ಚಾಗಿ ಹೋಟೆಲುಗಳಿಂದಲೇ. ಯಕ್ಷಗಾನದ ಟಿಕೇಟು, ಸ್ಮರಣ ಸಂಚಿಕೆಯ ಜಾಹೀರಾತು, ಜೂನ್ ತಿಂಗಳ ನೋಟುಪುಸ್ತಕ, ಗಲ್ಲೆಯ ಪಕ್ಕದ ಡಬ್ಬಿ. ಇವುಗಳಿಗೆಲ್ಲ ಮುಂದೆ ನಾನೇ ಚೀಟಿ ಬರೆದಿದ್ದೇನೆ. ಕಲಿಸುವವರು ಹಗಲು ಬ್ಯಾಂಕಿನಲ್ಲೋ ಮುನಿಸಿಪಾಲಿಟಿಯಲ್ಲೋ ದುಡಿದು ಲೋಕಲ್ ಹಿಡಿದು ಬರುವ ಮಾಸ್ತರರು. ಅವರಿಗೆ ಸಿಗುತ್ತಿದ್ದ ಸಂಬಳ ಚಹಾ ಮತ್ತು ರೈಲಿನ ಪಾಸಿಗೆ ಸರಿಹೋಗುತ್ತಿತ್ತು.

ಇಷ್ಟೆಲ್ಲ ಇದ್ದರೂ ಒಂದು ತೊಡಕಿತ್ತು. ಶಾಲೆ ಶುರುವಾಗುವುದು ಸಂಜೆ ಆರೂವರೆಗೆ, ಬಿಡುವುದು ಒಂಬತ್ತೂವರೆಗೆ. ಹೋಟೆಲಿಗೆ ಗಿರಾಕಿ ನುಗ್ಗುವುದೂ ಅದೇ ಹೊತ್ತಿನಲ್ಲಿ. ಶಾಲೆಗೆ ಸಾವಿರ ರೂಪಾಯಿ ಕೊಡುವುದು ಧನಿಗಳಿಗೆ ಸುಲಭ, ಆ ಮೂರು ಗಂಟೆಗೆ ಒಬ್ಬ ಹುಡುಗನನ್ನು ಬಿಟ್ಟುಕೊಡುವುದು ಕಷ್ಟ.

ನನ್ನ ಮೊದಲ ಹೋಟೆಲಿನ ಧನಿ ಬಿಡಲಿಲ್ಲ. ಎರಡು ವರ್ಷ ಕೇಳಿದೆ. "ಓದುವವನಾದರೆ ಊರಲ್ಲೇ ಓದಬಹುದಿತ್ತಲ್ಲ, ಇಲ್ಲಿಗೆ ಯಾಕೆ ಬಂದಿ?" ಅಂದರು. ಅದೇ ಧನಿ ಊರಿನ ಶಾಲೆಗೆ ಕೊಠಡಿ ಕಟ್ಟಿಸಿದವರು. ಆ ಹಲಗೆ ಈಗಲೂ ಇದೆ, ಅಕ್ಷರಗಳಿಗೆ ಹೊಸದಾಗಿ ಕಪ್ಪು ಬಣ್ಣ ತುಂಬಿದ್ದಾರೆ. ಹೋಟೆಲಿನಲ್ಲಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ಬೊಂಬಾಯಿ ಸರ್ಕಾರದ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ಹೇಳುತ್ತಿತ್ತು. ನಾವು ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಮಲಗುವುದು. ಕಾನೂನು ಇದೆ ಎಂಬುದು ನನಗೆ ತಿಳಿದದ್ದೇ ರಾತ್ರಿಶಾಲೆಗೆ ಹೋದಮೇಲೆ. ಕೆಲವರು ನಮ್ಮನ್ನು ಯಾಕೆ ಬಿಡುತ್ತಿರಲಿಲ್ಲ ಅನ್ನುವುದೂ ಆಗಲೇ ಅರ್ಥವಾಯಿತು.

1971ರಲ್ಲಿ ಆ ಹೋಟೆಲು ಬಿಟ್ಟು ಪರೇಲ್ ಕಡೆಯ ಒಂದು ಸಣ್ಣ ಹೋಟೆಲಿಗೆ ಸೇರಿದೆ. ಅಲ್ಲಿಯ ಧನಿ ಊರಿಗೆ ಕೊಠಡಿ ಕಟ್ಟಿಸುವಷ್ಟು ದೊಡ್ಡವರಲ್ಲ. ಶಾಲೆಯ ವಿಷಯ ಎತ್ತಿದಾಗ ಗಡಿಯಾರ ನೋಡಿದರು, ಮತ್ತೆ ಒಳಗೆ ಕ್ಲೀನರುಗಳ ಕಡೆ ನೋಡಿದರು. "ಇವನ ಮೇಜು ಯಾರು ನೋಡಿಕೊಳ್ತೀರಿ?" ಅಂತ ಕೇಳಿದರು. ಹೆಬ್ರಿ ಕಡೆಯ ಒಬ್ಬ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನು, "ನಾನು ನೋಡ್ಕೊಳ್ತೇನೆ" ಅಂದ. ಅಷ್ಟೇ. ಮುಂದಿನ ಐದು ವರ್ಷ ಸಂಜೆ ಆರೂಕಾಲಿಗೆ ನಾನು ಬಟ್ಟೆ ಕೊಡವಿ ಹೊರಟರೆ ಅವನು ತನ್ನ ನಾಲ್ಕು ಮೇಜಿನ ಜೊತೆ ನನ್ನ ನಾಲ್ಕನ್ನೂ ಒರೆಸುತ್ತಿದ್ದ. ಧನಿ ನನ್ನ ಸಂಬಳ ಕಡಿಯಲಿಲ್ಲ. ಅವನಿಗೆ ಹೆಚ್ಚು ಕೊಡಲೂ ಇಲ್ಲ. 1976ರಲ್ಲಿ ನಾನು ಎಸ್.ಎಸ್.ಸಿ. ಪಾಸಾದೆ. ಆರು ತಿಂಗಳಲ್ಲಿ ಗಲ್ಲೆಯ ಪಕ್ಕ ಲೆಕ್ಕದ ಪುಸ್ತಕ ಹಿಡಿದು ಕೂತೆ.

ಆ ಧನಿಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಜವಳಿ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ನಮ್ಮ ಗಿರಾಕಿಗಳೆಲ್ಲ ಗಿರಣಿಯವರೇ, ಮರಾಠಿಗರು. ಹದಿಮೂರು ವರ್ಷದ ಹಿಂದೆ ನಮ್ಮವರ ಹೋಟೆಲಿಗೆ ಕಲ್ಲು ಹೊಡೆದ ಗುಂಪಿನಲ್ಲಿ ಅವರಲ್ಲಿ ಕೆಲವರು ಇದ್ದಿರಲೂಬಹುದು. ಮೊದಲ ತಿಂಗಳು ಉದ್ರಿ ಬರೆಸಿದರು. ಎರಡನೇ ತಿಂಗಳೂ ಬರೆಸಿದರು. ಮೂರನೇ ತಿಂಗಳು ನಾನು ಪುಟದ ಕೆಳಗೆ ಗೆರೆ ಎಳೆದು ಕೂಡಿಸಲು ಹೊರಟಾಗ ಧನಿ, "ಆ ಪುಟ ಕೂಡಿಸಬೇಡ ಮಾರಾಯ. ಮೊತ್ತ ಕಂಡರೆ ಕೇಳಬೇಕು ಅನ್ನಿಸ್ತದೆ" ಅಂದರು. ಮುಷ್ಕರ ಮುಗಿಯಿತು ಅಂತ ಯಾರೂ ಕೊನೆಗೂ ಹೇಳಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲವರು ವರ್ಷಗಳಾದ ಮೇಲೆ ಬಂದು ಬಾಕಿ ತೀರಿಸಿದರು, ಹೆಚ್ಚಿನವರು ಕೊಂಕಣದ ಹಳ್ಳಿಗಳಿಗೆ ಹೋಗಿಬಿಟ್ಟರು. ಆ ಪುಟಗಳು ಕೂಡಿಸದೆಯೇ ಉಳಿದವು.

ದೊಡ್ಡ ಹೋಟೆಲು ಕಂಪೆನಿಗಳ ದಾನದ ಕ್ರಮ ಬೇರೆ. 1903ರಲ್ಲಿ ತೆರೆದ ತಾಜ್ ಹೋಟೆಲು ಮೊದಲ ಮಹಾಯುದ್ಧದ ಕಾಲದಲ್ಲಿ 600 ಹಾಸಿಗೆಗಳ ಆಸ್ಪತ್ರೆಯಾಗಿತ್ತು. 2008ರ ನವೆಂಬರ್ 26ರ ದಾಳಿಯಲ್ಲಿ ಅಲ್ಲಿನ ನೌಕರರು ಅತಿಥಿಗಳನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟರು. ಮುಂದಿನ ತಿಂಗಳೇ ಸಂತ್ರಸ್ತರಿಗಾಗಿ ಕಂಪೆನಿ ಒಂದು ಟ್ರಸ್ಟ್ ಮಾಡಿತು. 2020ರ ಕೊರೊನಾ ಕಾಲದಲ್ಲಿ ಆಸ್ಪತ್ರೆಗಳ ವೈದ್ಯರು, ದಾದಿಯರಿಗೆ ಊಟ ಹೋದದ್ದು ಅದೇ ಟ್ರಸ್ಟಿನ ಹೆಸರಿನಲ್ಲಿ. 2014ರಿಂದ ಜಾರಿಯಾದ ಕಂಪೆನಿ ಕಾನೂನಿನ ಪ್ರಕಾರ ದೊಡ್ಡ ಕಂಪೆನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಲೆಕ್ಕ ತೋರಿಸಬೇಕು. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಇಲ್ಲವೇ ಅದಕ್ಕೆ ಸಮನಾದ ದೊಡ್ಡ ಆಸ್ತಿ ವಹಿವಾಟು ಇದ್ದವರಿಗೆ ಮಾತ್ರ ಇದು. ನಮ್ಮ ಪಾಲುದಾರಿಕೆಯ ಹೋಟೆಲುಗಳಿಗೆ ಅದು ಮುಟ್ಟುವುದೇ ಇಲ್ಲ. ನಮ್ಮಲ್ಲಿ ದಾನ ಧನಿಯ ಮನಸ್ಸು, ಲೆಕ್ಕ ಧನಿಯ ಹೆಸರು.

ಹೆಸರಿನ ವಿಷಯ ಬಂತಲ್ಲ, 2005ರ ಜುಲೈ 26 ನೆನಪಾಗುತ್ತದೆ. ಆ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಆಗ ನಾನು ಸಯನ್ ಕಡೆಯ ಬೇರೊಂದು ಹೋಟೆಲಿನಲ್ಲಿದ್ದೆ. ರೈಲಿಲ್ಲ, ಬಸ್ಸಿಲ್ಲ, ಜನ ಸೊಂಟದವರೆಗಿನ ನೀರಿನಲ್ಲಿ ಮನೆಯ ಕಡೆ ನಡೆಯುತ್ತಿದ್ದರು. ಧನಿ ಅಂಧೇರಿಯಲ್ಲಿ ಸಿಕ್ಕಿಬಿದ್ದಿದ್ದರು, ಫೋನು ತಾಗುತ್ತಿರಲಿಲ್ಲ. ಅಡುಗೆಯ ಭಟ್ಟರು ನನ್ನನ್ನು ಕೇಳಿದರು, ನಾನು ಭಟ್ಟರನ್ನು ಕೇಳಿದೆ. ಕೊನೆಗೆ ಯಾರನ್ನೂ ಕೇಳದೆ ಒಲೆ ಹೊತ್ತಿಸಿದೆವು. ಬೆಳಗಿನವರೆಗೆ ಚಹಾ, ಅನ್ನ, ಸಾರು. ವೇಟರುಗಳು ರಸ್ತೆಯಲ್ಲಿ ಹಗ್ಗ ಹಿಡಿದು ನಿಂತು ಹೆಂಗಸರನ್ನು ಮಕ್ಕಳನ್ನು ಒಳಗೆ ಕರೆದು ತಂದರು. ಮರುದಿನ ಸಂಜೆ ಧನಿ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆವು, ಬೈಯಲಿಲ್ಲ. ಎಷ್ಟು ಅಕ್ಕಿ ಖರ್ಚಾಯಿತು ಅಂತ ಬರೆಸಿಕೊಂಡರು. ಒಂದು ಸಂಘದ ಸ್ಮರಣ ಸಂಚಿಕೆಯಲ್ಲಿ ಅವರ ಫೋಟೋದ ಕೆಳಗೆ 'ನೆರೆ ಸಂತ್ರಸ್ತರಿಗೆ ಅನ್ನದಾನ ಮಾಡಿದ ಕೊಡುಗೈ ದಾನಿ' ಅಂತ ಬಂತು. ಸುಳ್ಳೂ ಅಲ್ಲ, ಅಕ್ಕಿ ಅವರದ್ದೇ. ಭಟ್ಟರು ಅದನ್ನು ಓದಿ ನಕ್ಕು, ಆ ಹಾಳೆಯನ್ನು ಡಬ್ಬದ ತಳಕ್ಕೆ ಹಾಸಿ ಹಪ್ಪಳ ಇಟ್ಟರು.

ಈಗ ಆ ಕಾಲ ಮುಗಿದಿದೆ. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ 14 ವರ್ಷದ ಒಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವಾಯಿತು. ಅದಕ್ಕೂ ಮೊದಲೇ ಊರಿನಲ್ಲಿ ಶಾಲೆ ಹತ್ತಿರವಾಗಿ, ಕೈಗೆ ನಾಲ್ಕು ಕಾಸು ಬಂದು, ಹುಡುಗರು ಬೊಂಬಾಯಿ ಬಸ್ಸು ಹತ್ತುವುದು ಕಮ್ಮಿಯಾಗಿತ್ತು. ನಾನು ಕಲಿತ ರಾತ್ರಿಶಾಲೆಯ ತರಗತಿಗಳು ಒಂದೊಂದಾಗಿ ಖಾಲಿಯಾದವು. ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಕೆಲವರು ಕನ್ನಡ ಶಾಲೆ ಹೋಯಿತಲ್ಲ ಅಂತ ಕಣ್ಣೀರು ಹಾಕಿದರು. ನನಗೂ ಬೇಸರವಾಯಿತು. ಆದರೆ ರಾತ್ರಿಶಾಲೆ ತುಂಬಬೇಕಾದರೆ ಹನ್ನೆರಡು ವರ್ಷದ ಮಕ್ಕಳು ಹಗಲೆಲ್ಲ ಮೋರಿಯ ಮುಂದೆ ಕೂರಬೇಕು. ಅದು ಖಾಲಿಯಾದದ್ದು ಒಳ್ಳೆಯ ಸುದ್ದಿ ಅಂತ ಹೇಳಲು ಆ ದಿನ ಧೈರ್ಯ ಸಾಲಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ನಮ್ಮ ಊರಿನ ಶಾಲೆಯವರು ನನ್ನನ್ನೂ ಹುಡುಕಿಕೊಂಡು ಬಂದರು. ಒಂದು ಕಪಾಟು ಪುಸ್ತಕ ಕೊಡಲು ಒಪ್ಪಿದೆ. "ಹಲಗೆಯಲ್ಲಿ ಯಾರ ಹೆಸರು ಹಾಕಿಸುವಾ?" ಅಂತ ಹೆಡ್ಮಾಸ್ತರರು ಕೇಳಿದರು. ನನ್ನ ಮೇಜು ಒರೆಸಿದವನ ಹೆಸರು ಬರೆಸಬೇಕು ಅಂತ ಆಸೆಯಾಯಿತು. ಅವನು 1978ರ ಹೊತ್ತಿಗೆ ಬೇರೆ ಹೋಟೆಲಿಗೆ ಹೋದವನು, ಆಮೇಲೆ ಕಾಣಲಿಲ್ಲ. ನಾವೆಲ್ಲ ಅವನನ್ನು 'ಹೆಬ್ರಿ' ಅಂತಲೇ ಕರೆಯುತ್ತಿದ್ದೆವು. ಹಳೆಯ ಸಂಬಳದ ಪುಸ್ತಕದಲ್ಲೂ ನಾನು ಹಾಗೆಯೇ ಬರೆದದ್ದು. ಮೂವತ್ತೈದು ವರ್ಷ ಲೆಕ್ಕ ಬರೆದ ನನಗೆ, ನಾನು ಎಲ್ಲರಿಗಿಂತ ಹೆಚ್ಚು ಬಾಕಿ ಇಟ್ಟುಕೊಂಡವನ ಪೂರ್ತಿ ಹೆಸರು ಗೊತ್ತಿರಲಿಲ್ಲ.

ಹಲಗೆ ಬೇಡ, ಪುಸ್ತಕ ಮಾತ್ರ ಇಟ್ಟುಕೊಳ್ಳಿ ಅಂದೆ.