ರಾಕೇಶ್ ಪೂಜಾರಿ

ರಾಕೇಶ್ ಪೂಜಾರಿ (ನಿಧನ: 12 ಮೇ 2025). ಕಿರುತೆರೆಯ ಹಾಸ್ಯನಟ. ಉಡುಪಿ ಸಮೀಪದ ಹೂಡೆಯವರು. ‘ಚೈತನ್ಯ ಕಲಾವಿದರು’ ತಂಡದ ನಾಟಕಗಳಲ್ಲಿ ಪಳಗಿ, 2014ರಲ್ಲಿ ‘ಕಡ್ಲೆ ಬಜಿಲ್’ ಎಂಬ ತುಳು ಹಾಸ್ಯ ಕಾರ್ಯಕ್ರಮದಿಂದ ಕರಾವಳಿಯಲ್ಲಿ ಗುರುತಾದರು. ಕಡಲೆ, ಅವಲಕ್ಕಿ ಕಲಸಿದ ಅಲ್ಲಿನ ತಿಂಡಿಯ ಹೆಸರೇ ಅದು.

ಅವರನ್ನು ರಾಜ್ಯಕ್ಕೆಲ್ಲ ಪರಿಚಯಿಸಿದ್ದು ಜೀ ಕನ್ನಡ ವಾಹಿನಿಯ ಹಾಸ್ಯ ಸ್ಪರ್ಧೆ ‘ಕಾಮಿಡಿ ಕಿಲಾಡಿಗಳು’. ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ತೀರ್ಪುಗಾರರಾಗಿದ್ದ ಈ ವೇದಿಕೆಯಲ್ಲಿ ಪ್ರತಿ ಸ್ಕಿಟ್‌ಗೆ ಸಿಗುವುದು ಕೆಲವೇ ನಿಮಿಷ. ಅಷ್ಟರೊಳಗೆ ಪಾತ್ರ ನಿಲ್ಲಬೇಕು, ನಗು ಹುಟ್ಟಬೇಕು. ಊರೂರು ತಿರುಗುವ ನಾಟಕದವರಿಗೆ ಈ ಅವಸರ ಹೊಸದಲ್ಲ. ಪ್ರೇಕ್ಷಕ ಎದ್ದು ಹೋಗುವ ಮೊದಲೇ ಮಾತು ತಾಗಿಸುವುದು ಅವರಿಗೆ ರೂಢಿ. 2018ರ ಎರಡನೇ ಆವೃತ್ತಿಯಲ್ಲಿ ರಾಕೇಶ್ ಇದ್ದ ತಂಡ ರನ್ನರ್‌ಅಪ್ ಆಯಿತು. ಮೂರನೆಯದಕ್ಕೆ ಮತ್ತೆ ಬಂದು 2020ರಲ್ಲಿ ಪ್ರಶಸ್ತಿಯನ್ನೇ ಗೆದ್ದರು. ಸೋತ ವೇದಿಕೆಗೇ ಮರಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

‘ಪೈಲ್ವಾನ್’, ‘ಇದು ಎಂಥಾ ಲೋಕವಯ್ಯ’ ಕನ್ನಡ ಚಿತ್ರಗಳಲ್ಲೂ ‘ಪೆಟ್ಕಮ್ಮಿ’, ‘ಅಮ್ಮೆರ್ ಪೊಲೀಸ್’ ತುಳು ಚಿತ್ರಗಳಲ್ಲೂ ನಟಿಸಿದರು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಮೆಹೆಂದಿ ಸಮಾರಂಭವೊಂದಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಅವರು ಅಭಿನಯಿಸಿದ್ದ ‘ಕಾಂತಾರ: ಅಧ್ಯಾಯ 1’ 2025ರ ಅಕ್ಟೋಬರ್ 2ರಂದು ತೆರೆಕಂಡಿತು.