ಗೊತ್ತುವಳಿಯ ಮರುಪರಿಶೀಲನೆ: ಸ್ಥಳೀಯ ಸಭಾನಿಯಮವೊಂದರ ಚರಿತ್ರೆ

ಮತದಿಂದ ಇತ್ಯರ್ಥವಾದ ವಿಷಯವನ್ನು ಸಭೆ ಮತ್ತೆ ಎತ್ತಿಕೊಳ್ಳಬಹುದೆ ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಸಂಸತ್ತು ನೀಡಿದ ಉತ್ತರ ನಿಷೇಧರೂಪದ್ದು. ಒಮ್ಮೆ ನಿರ್ಣಯವಾದ ವಿಷಯವನ್ನು ಮರಳಿ ಪ್ರಶ್ನಿಸಲಾಗದು, ಅದು ಸದನದ ತೀರ್ಪಾಗಿಯೇ ನಿಲ್ಲತಕ್ಕದ್ದು ಎಂದು 1604ರ ಏಪ್ರಿಲ್ 2ರಂದು ಹೌಸ್ ಆಫ್ ಕಾಮನ್ಸ್ ದಾಖಲಿಸಿತು. ಬಕಿಂಗ್‌ಹ್ಯಾಮ್‌ಷೈರಿನಿಂದ ಫ್ರಾನ್ಸಿಸ್ ಗುಡ್ವಿನ್ ಆಯ್ಕೆಯಾದುದನ್ನು ಸದನ ಆಗಲೇ ಎತ್ತಿಹಿಡಿದಿತ್ತು. ಅದನ್ನು ಪುನಃ ಚರ್ಚಿಸಬೇಕೆಂಬುದು ಒಂದನೆಯ ಜೇಮ್ಸ್ ದೊರೆಯ ಒತ್ತಾಯ. ನಿಯಮವು ಹೀಗೆ ಅರಸೊತ್ತಿಗೆಯ ಎದುರು ಗುರಾಣಿಯಾಗಿ ರೂಪುಗೊಂಡಿತು. ಆ ವಿವಾದ ಮಾತ್ರ ರಾಜಿಯಲ್ಲಿ ಮುಗಿದು ಹೊಸ ಚುನಾವಣೆಯೇ ನಡೆಯಬೇಕಾಯಿತೆಂಬುದು ಚರಿತ್ರೆಯ ವ್ಯಂಗ್ಯ. ಭಾರತದ ಲೋಕಸಭೆಯ ನಿಯಮಾವಳಿಯಲ್ಲಿ 338ನೆಯ ನಿಯಮವು ಇದೇ ತತ್ತ್ವವನ್ನು ಹೇಳುತ್ತದೆ.

ಸಂಸತ್ತಿನಲ್ಲಿ ಈ ನಿಷೇಧ ಅಧಿವೇಶನದೊಂದಿಗೆ ಮುಗಿಯುತ್ತದೆ. ವರ್ಷವಿಡೀ ಸೇರುವ ಊರಿನ ಪರಿಷತ್ತಿಗೆ ಅಂತಹ ಮುಕ್ತಾಯವಿಲ್ಲ. ಆದ್ದರಿಂದ ಇಂಗ್ಲೆಂಡಿನ ಪ್ಯಾರಿಷ್ ಪರಿಷತ್ತುಗಳ ಮಾದರಿ ನಿಯಮಾವಳಿ ಅಧಿವೇಶನದ ಸ್ಥಾನದಲ್ಲಿ ಆರು ತಿಂಗಳ ಅವಧಿಯನ್ನು ಇಟ್ಟಿತು. ಅದರೊಳಗೆ ನಿರ್ಣಯವನ್ನು ತಿರುಗಿಸಬೇಕಾದರೆ ನಿಗದಿತ ಸಂಖ್ಯೆಯ ಸದಸ್ಯರ ಲಿಖಿತ ಸೂಚನೆ ಬೇಕು, ಇಲ್ಲವೆ ಸಮಿತಿಯೊಂದರ ಶಿಫಾರಸು ಬೇಕು.

ಅಮೆರಿಕದ ಹಾದಿ ಬೇರೆ. ಅಲ್ಲಿ ಮರುಪರಿಶೀಲನೆಯೇ ಒಂದು ಸ್ವತಂತ್ರ ಗೊತ್ತುವಳಿಯಾಗಿ ಬೆಳೆಯಿತು. ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಕೈಪಿಡಿ ಅದನ್ನು ನಗರಸಭೆ, ಸಂಘ, ಚರ್ಚುಗಳವರೆಗೆ ಒಯ್ದಿತು. 1863ರಲ್ಲಿ ನ್ಯೂ ಬೆಡ್‌ಫರ್ಡಿನ ಸಭೆಯೊಂದರ ಅಧ್ಯಕ್ಷತೆ ವಹಿಸಿ ಕಕ್ಕಾಬಿಕ್ಕಿಯಾದ ಅನುಭವವೇ ರಾಬರ್ಟನನ್ನು ಈ ಅಭ್ಯಾಸಕ್ಕೆ ತೊಡಗಿಸಿತು. ಅವನ ನಿಯಮದಂತೆ, ಗೆದ್ದ ಪಕ್ಷಕ್ಕೆ ಮತ ನೀಡಿದವನು ಮಾತ್ರ ಮರುಪರಿಶೀಲನೆಯನ್ನು ಮಂಡಿಸಬಹುದು, ಅದೂ ಆ ದಿನ ಇಲ್ಲವೆ ಮರುದಿನ. ಸೋತವರು ಸೋಲನ್ನೇ ಪದೇ ಪದೇ ಚರ್ಚೆಗೆ ಎಳೆಯದಂತೆ ತಡೆದು, ಮನಸ್ಸು ಬದಲಿಸಿದವನಿಗೆ ಬಾಗಿಲು ತೆರೆದಿಡುವ ವ್ಯವಸ್ಥೆಯಿದು. ಹಾಜರಾತಿ ತೆಳುವಾದ ದಿನ ತಾತ್ಕಾಲಿಕ ಬಹುಮತವೊಂದು ಅವಸರದಲ್ಲಿ ಅಂಗೀಕರಿಸಿದ್ದನ್ನು ತಡೆಹಿಡಿಯಲು, ಮರುಪರಿಶೀಲನೆಯ ಕೋರಿಕೆಯನ್ನು ನಡಾವಳಿಯಲ್ಲಿ ಬರೆಸಿ ಬೇರೊಂದು ದಿನಕ್ಕೆ ಇಡುವ ಉಪಾಯವನ್ನೂ ರಾಬರ್ಟ್ ಸೇರಿಸಿದ.

ಸಮಿತಿಗಳ ವಿಷಯದಲ್ಲಿ 1915ರ ಪರಿಷ್ಕೃತ ಆವೃತ್ತಿ ಇನ್ನೂ ಕುತೂಹಲಕರ. ಅಲ್ಲಿ ಕಾಲಮಿತಿಯೇ ಇಲ್ಲ. ಗೈರುಹಾಜರಾಗಿದ್ದವನಾಗಲಿ ಮತ ನೀಡದೆ ಉಳಿದವನಾಗಲಿ, ಸೋತ ಪಕ್ಷದಲ್ಲಿ ಮತ ಹಾಕದ ಯಾರೂ ವಿಷಯವನ್ನು ಎತ್ತಬಹುದು. ಷರತ್ತು ಒಂದೇ: ಗೆದ್ದ ಪಕ್ಷದವರೆಲ್ಲರೂ ಹಾಜರಿರಬೇಕು, ಇಲ್ಲವೆ ಅವರಿಗೆ ಸಾಕಷ್ಟು ಪೂರ್ವಸೂಚನೆ ತಲುಪಿರಬೇಕು. ಸಣ್ಣ ಸಮಿತಿಯಲ್ಲಿ ಇಬ್ಬರ ಗೈರುಹಾಜರಿಯೇ ಬಹುಮತವನ್ನು ಪಲ್ಲಟಗೊಳಿಸೀತು; ಆದುದರಿಂದ ಇಲ್ಲಿ ರಕ್ಷಣೆ ಸಲ್ಲಬೇಕಾದುದು ನಿರ್ಣಯಕ್ಕಿಂತ ಹೆಚ್ಚಾಗಿ ಗೈರುಹಾಜರಾದವನಿಗೆ. ನಂತರದ ಆವೃತ್ತಿಗಳು ಸೂಚನೆಯಿಲ್ಲದಿದ್ದರೆ ಮೂರನೆಯ ಎರಡು ಭಾಗದ ಮತ ಸಾಕೆಂದು ಈ ಬಿಗಿಯನ್ನು ಸಡಿಲಿಸಿದವು.

ಮರಳಿಸಲಾಗದ ಕ್ರಮ ಈಗಾಗಲೇ ನಡೆದುಹೋಗಿದ್ದರೆ ಈ ಯಾವ ಸೌಲಭ್ಯವೂ ದಕ್ಕದು. ಕರಾರಿನ ವಿಷಯದಲ್ಲಿ, ಎದುರು ಪಕ್ಷಕ್ಕೆ ಮತದ ಫಲಿತಾಂಶ ತಿಳಿಸಿದ ಗಳಿಗೆಯಲ್ಲೇ ಆ ಬಾಗಿಲು ಮುಚ್ಚುತ್ತದೆ.