ಲಿಸ್ಟೋ ಗ್ರಿಡ್ಡೋ? ಒಂದು ಪುಟ್ಟ ಚರಿತ್ರೆ

ಕನ್ನಡ ನಿಘಂಟಿನ ತಂತ್ರಾಂಶ ಬರೆಯಲು ಹೊರಟ ಗೆಳೆಯರು ಕೇಳೋ ಮೊದಲ ಪ್ರಶ್ನೆ: ಪದಗಳನ್ನು ತೋರಿಸೋಕೆ ಲಿಸ್ಟ್ ಹಾಕೋದೋ, ಗ್ರಿಡ್ ಹಾಕೋದೋ? ಅಂದ ನೋಡಿ ಆರಿಸಬೇಡಿ, ಅವು ಬೆಳೆದುಬಂದ ದಾರಿ ನೋಡಿ ಆರಿಸಿ ಅಂತೀನಿ ನಾನು. ಉದಾಹರಣೆಗೆ ಡಬ್ಲ್ಯುಎಕ್ಸ್‌ವಿಜೆಟ್ಸ್ ತಗೊಳ್ಳೋಣ.

1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದ್ದ ಜೂಲಿಯನ್ ಸ್ಮಾರ್ಟ್ ಶುರುಮಾಡಿದ ಲೈಬ್ರರಿ ಇದು. ಆಗ ಹೆಸರು ಡಬ್ಲ್ಯುಎಕ್ಸ್‌ವಿಂಡೋಸ್; ಮೈಕ್ರೋಸಾಫ್ಟ್ ಕೇಳಿಕೊಂಡ ಮೇಲೆ 2004ರಲ್ಲಿ ಬದಲಾಯಿತು. ಆಯಾ ಆಪರೇಟಿಂಗ್ ಸಿಸ್ಟಮ್ಮಿನ ಸ್ವಂತ ವಿಜೆಟ್ ಇದ್ದರೆ ಅದನ್ನೇ ಬಳಸೋದು, ಇಲ್ಲದಿದ್ದರೆ ತಾನೇ ಬಿಡಿಸೋದು ಇದರ ಪದ್ಧತಿ.

ಹಾಗಾಗಿ ಲಿಸ್ಟ್‌ಕಂಟ್ರೋಲ್ ವಿಂಡೋಸಿನಲ್ಲಿ ವಿಂಡೋಸ್ 95ರ ಜೊತೆ ಬಂದ ಲಿಸ್ಟ್‌ವ್ಯೂ ಮೇಲೆ ನಿಂತಿದೆ. ಲಿನಕ್ಸಿನ ಜಿಟಿಕೆಯಲ್ಲಿ ಲೈಬ್ರರಿಯೇ ಬಿಡಿಸುತ್ತೆ. 2013ರ 3.0 ಆವೃತ್ತಿಯಲ್ಲಿ ಇದ್ದ ಡೇಟಾವ್ಯೂ ಇದಕ್ಕೆ ಉಲ್ಟಾ: ಜಿಟಿಕೆ, ಮ್ಯಾಕ್‌ಗಳಲ್ಲಿ ಸ್ವಂತದ್ದು, ವಿಂಡೋಸಿನಲ್ಲಿ ಬಿಡಿಸಿದ್ದು. ಗ್ರಿಡ್ಡಂತೂ ಎಲ್ಲ ಕಡೆ ಬಿಡಿಸಿದ್ದೇ. ಒಂದೇ ಕೋಡ್ ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ತಕರಾರು ಮಾಡಿದರೆ, ಮೊದಲು ಇಲ್ಲಿ ಹುಡುಕಿ.

ಇನ್ನೊಂದು ಪ್ರಶ್ನೆ, ಮಾಹಿತಿ ಯಾರ ಹತ್ತಿರ ಇರುತ್ತೆ? ಸಾಮಾನ್ಯ ಲಿಸ್ಟ್ ಪ್ರತಿ ಸಾಲನ್ನೂ ತನ್ನೊಳಗೆ ತುಂಬಿಕೊಳ್ಳುತ್ತೆ. ಐವತ್ತು ಸಾವಿರ ಪದ ಸುರಿದರೆ ಕಿಟಕಿ ತೆರೆಯೋಕೇ ಒದ್ದಾಡುತ್ತೆ. 1996ರಲ್ಲಿ ವಿಂಡೋಸಿನ ಲಿಸ್ಟ್‌ವ್ಯೂಗೆ ಬಂದ ವರ್ಚುಯಲ್ ವಿಧಾನದಲ್ಲಿ, ಕಣ್ಣಿಗೆ ಕಾಣೋ ಸಾಲನ್ನಷ್ಟೇ ಅದು ನಮ್ಮನ್ನು ಕೇಳುತ್ತೆ. ಆದರೆ ಒಟ್ಟು ಎಷ್ಟು ಸಾಲು ಅಂತ ನಾವೇ ಹೇಳಬೇಕು. ಹೇಳದಿದ್ದರೆ ಪಟ್ಟಿ ಖಾಲಿ! ಗ್ರಿಡ್ಡಿಗೆ ನಮ್ಮದೇ ಟೇಬಲ್ ಕೊಟ್ಟಾಗಲೂ ಅಷ್ಟೇ, ಸಾಲು ಸೇರಿಸಿದ ಸುದ್ದಿ ಮುಟ್ಟಿಸದಿದ್ದರೆ ಹೊಸ ಸಾಲು ಕಾಣಲ್ಲ.

ಪದಗಳ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ವಿಜೆಟ್ ಬದಲಿಸಿ ಉಪಯೋಗವಿಲ್ಲ. 3.0ಕ್ಕೆ ಮುಂಚೆ ಆನ್ಸಿ, ಯೂನಿಕೋಡ್ ಎಂದು ಎರಡು ಬೇರೆ ಬಿಲ್ಡ್ ಇದ್ದವು. ವಿಂಡೋಸಿನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ ಇಲ್ಲವೇ ಇಲ್ಲ.

ವರ್ಚುಯಲ್ ಲಿಸ್ಟಿನಲ್ಲಿ ವಿಂಗಡಣೆಯೂ ನಮ್ಮದೇ ಹೊಣೆ. ಯೂನಿಕೋಡ್ ಸಂಖ್ಯೆಗಳ ಪ್ರಕಾರ ಜೋಡಿಸಿದರೆ ಳಕಾರ ವಕಾರಕ್ಕಿಂತ ಮುಂಚೆ ಬಂದು 'ಕಳೆ' ಮೊದಲು, 'ಕಹಿ' ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಇರೋದು ಹ ಆದಮೇಲೆ! ನಿಘಂಟಿನಲ್ಲಿ ಪದ ಹುಡುಕುವವರಿಗೆ ಇದು ಸಣ್ಣ ವಿಷಯ ಅಲ್ಲ. ಈ ಕ್ರಮವನ್ನು ಯಾವ ವಿಜೆಟ್ಟೂ ತಾನಾಗಿ ಕಲಿತು ಬರಲ್ಲ, ನಾವೇ ಬರೆದುಕೊಡಬೇಕು. ಏನಂತೀರಿ?